ಸುದರ್ಶನ ಕೆರೆ: ಒಡೆದ ಜಾಗದಲ್ಲಿ ಕಂಡ ತೂಬು

ಜುನಾಗಢದ ರುದ್ರದಾಮನ ಶಾಸನದ ಬಗ್ಗೆ ನಮ್ಮಲ್ಲಿ ಬರೆಯುವವರು ಸಾಮಾನ್ಯವಾಗಿ ಮೂರು ಮಾತು ಹೇಳಿ ಮುಗಿಸುತ್ತಾರೆ. ಶುದ್ಧ ಸಂಸ್ಕೃತ ಗದ್ಯದಲ್ಲಿರುವ ಮೊದಲ ದೊಡ್ಡ ಶಾಸನ ಇದು. ಚಂದ್ರಗುಪ್ತ ಮೌರ್ಯನ ಹೆಸರು ಶಾಸನವೊಂದರಲ್ಲಿ ಸ್ಪಷ್ಟವಾಗಿ ಸಿಗುವುದು ಇಲ್ಲಿ. ಬಿರುಗಾಳಿಗೆ ಒಡೆದ ಸುದರ್ಶನ ಕೆರೆಯನ್ನು ರಾಜ ತನ್ನ ಬೊಕ್ಕಸದ ದುಡ್ಡಿನಿಂದ ಕಟ್ಟಿಸಿದ. ಆಮೇಲೆ "ನಮ್ಮ ಪೂರ್ವಜರ ಜಲವಿಜ್ಞಾನ" ಎಂಬ ಒಂದು ವಾಕ್ಯ, ಬಂಡೆಯ ಒಂದು ಫೋಟೋ. ಮುಗೀತು.

ಮೂರು ಮಾತೂ ಸರಿ. ನನ್ನ ತಕರಾರು ಬೇರೆ. ಈ ಶಾಸನ ಹೊಗಳಿಕೆ ಹೌದು, ಆದರೆ ಹೊಗಳಿಕೆಯ ನಡುವೆ ಒಂದು ಡ್ಯಾಂ ಹೇಗೆ ಒಡೆಯಿತು ಎಂಬ ವರದಿಯೂ ಇದೆ. ಅಳತೆ ಇದೆ, ತಿಥಿ ಇದೆ, ಹೊಳೆಗಳ ಹೆಸರಿದೆ, ಕಟ್ಟಲು ಬಳಸಿದ ಸಾಮಗ್ರಿ ಇದೆ. ನಾವು ಹೊಗಳಿಕೆಯನ್ನು ಓದಿ ವರದಿಯನ್ನು ಬಿಟ್ಟುಬಿಡುತ್ತೇವೆ. ಸಂಸ್ಕೃತ ವಿದ್ವಾಂಸರಿಗೆ ಸಮಾಸಗಳ ಮೇಲೆ ಕಣ್ಣು, ಇತಿಹಾಸಕಾರರಿಗೆ ವಂಶಾವಳಿಯ ಮೇಲೆ. ನನಗೆ ಎರಡೂ ಅಷ್ಟಾಗಿ ಗೊತ್ತಿಲ್ಲ. ಹಗಲು ಹೊತ್ತು ಮಣ್ಣು, ಕಾಂಕ್ರೀಟಿನ ಲೆಕ್ಕ ಮಾಡುವವನು ನಾನು. ಸಂಸ್ಕೃತ, ಬ್ರಾಹ್ಮಿ ಎಲ್ಲ ರಾತ್ರಿ ಊಟವಾದ ಮೇಲೆ ಕಲಿತದ್ದು. ಹಾಗಾಗಿ ನನ್ನ ಓದನ್ನು ಅಷ್ಟರ ಮಟ್ಟಿಗೆ ತೆಗೆದುಕೊಳ್ಳಿ.

ಮೊದಲು ಜಾಗ. ಜುನಾಗಢ ಪೇಟೆಯಿಂದ ಗಿರ್ನಾರ್ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಆ ಬಂಡೆ ಇದೆ. ಅಶೋಕನ ಹದಿನಾಲ್ಕು ಶಾಸನಗಳು, ರುದ್ರದಾಮನದು, ಸ್ಕಂದಗುಪ್ತನದು, ಮೂರೂ ಅದೊಂದರ ಮೇಲೇ. ಪ್ರಿನ್ಸೆಪ್ 1838ರಲ್ಲಿ ಮೊದಲ ಬಾರಿ ರುದ್ರದಾಮನ ಶಾಸನ ಓದಿ ಪ್ರಕಟಿಸಿದ. ಇವತ್ತು ಎಲ್ಲರೂ ಆಧಾರವಾಗಿಟ್ಟುಕೊಳ್ಳುವುದು ಎಪಿಗ್ರಾಫಿಯಾ ಇಂಡಿಕಾದ ಎಂಟನೇ ಸಂಪುಟದಲ್ಲಿ ಕೀಲ್‌ಹಾರ್ನ್ ಕೊಟ್ಟ ಪಾಠ. ಸ್ಕಂದಗುಪ್ತನ ಶಾಸನವನ್ನು 1888ರಲ್ಲಿ ಸಂಪಾದಿಸಿದ್ದು ಫ್ಲೀಟ್, ನಮ್ಮ ಧಾರವಾಡ-ಬೆಳಗಾವಿ ಕಡೆಯ ಕನ್ನಡ ಶಾಸನಗಳನ್ನು ಓದಿದ ಅದೇ ಫ್ಲೀಟ್. ಗಿರ್ನಾರಿನಿಂದ ಇಳಿಯುವ ಸುವರ್ಣಸಿಕತಾ, ಪಲಾಶಿನೀ ಎಂಬ ಹೊಳೆಗಳನ್ನು ಶಾಸನ ಹೆಸರಿಸುತ್ತದೆ. ಸುವರ್ಣಸಿಕತಾ ಎಂದರೆ ಇಂದಿನ ಸೋನ್‌ರೇಖ್ ಎಂದು ಗುರುತಿಸಿದ್ದಾರೆ. ಕೆರೆ ಮಾತ್ರ ಈಗಿಲ್ಲ.

ಈಗ ಪಾಠಕ್ಕೆ ಬರೋಣ. ಶಾಸನ ಶುರುವಾಗುವುದು ಕೆರೆಯಿಂದಲೇ, ರಾಜನಿಂದಲ್ಲ. ಮಣ್ಣು ಮತ್ತು ಕಲ್ಲಿನಿಂದ ಅಗಲ, ಉದ್ದ, ಎತ್ತರದಲ್ಲೆಲ್ಲೂ ಸಂದು ಬಿಡದೆ ಗಟ್ಟಿಯಾಗಿ ಕಟ್ಟಿದ ಏರಿ, ಬೆಟ್ಟದ ಪಾದಕ್ಕೇ ಸವಾಲು ಹಾಕುವಂಥದ್ದು ಎನ್ನುತ್ತದೆ. "ಮೃತ್ತಿಕೋಪಲ" ಎಂಬ ಪದ ಇದೆ: ಮಣ್ಣು-ಕಲ್ಲು. "ನಿಸ್ಸಂಧಿ" ಎಂಬ ಪದ ಇದೆ: ಸಂದಿಲ್ಲದ. ಜೊತೆಗೆ ಮನುಷ್ಯ ಕಟ್ಟದ, ಸ್ವಾಭಾವಿಕವಾದ ಸೇತುಬಂಧವೂ ಇದೆ ಎನ್ನುತ್ತದೆ. ಅಂದರೆ ಗುಡ್ಡಗಳ ನಡುವಿನ ಬಾಯನ್ನು ಮಾತ್ರ ಕಟ್ಟಿ ಕೆರೆ ಮಾಡಿದ್ದಾರೆ. ನಮ್ಮ ಕಡೆ ದೊಡ್ಡ ಕೆರೆಗಳೆಲ್ಲ ಹೀಗೇ ಅಲ್ಲವೇ? ಆಮೇಲೆ ಮೂರು ಪದಗಳ ಒಂದು ಸಮಾಸ: ಪ್ರಣಾಳೀ, ಪರೀವಾಹ, ಮೀಢವಿಧಾನ. ಪ್ರಣಾಳೀ ಅಂದರೆ ನೀರು ಬಿಡುವ ನಾಳ, ನಮ್ಮ ತೂಬು. ಪರೀವಾಹ ಅಂದರೆ ಹೆಚ್ಚುವರಿ ನೀರು ಹೊರಗೆ ಹರಿಯುವ ದಾರಿ, ನಮ್ಮ ಕೋಡಿ. ಮೂರನೆಯದನ್ನು ಕೀಲ್‌ಹಾರ್ನ್ ಕೊಳೆಯಿಂದ ಕಾಪಾಡುವ ಏರ್ಪಾಡು ಎಂಬರ್ಥದಲ್ಲಿ ಅನುವಾದಿಸಿದ್ದಾನೆ.

ಈ ಮೂರನೆಯ ಪದದ ಮೇಲೆ ಆನ್‌ಲೈನಿನಲ್ಲಿ ಒಂದು ಅರಮನೆಯನ್ನೇ ಕಟ್ಟಿದ್ದಾರೆ: ಎರಡು ಸಾವಿರ ವರ್ಷ ಹಿಂದೆಯೇ ಹೂಳು ತೆಗೆಯುವ ತಂತ್ರಜ್ಞಾನ ಇತ್ತು ಅಂತ. ಮೊದಲ ಸಲ ಓದಿದಾಗ ನನಗೂ ಹಾಗೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ತಳದಲ್ಲಿ ಹೂಳು ತೊಳೆದು ಬಿಡುವ ಬಾಗಿಲಿನ ನಕ್ಷೆಯನ್ನೂ ಮನಸ್ಸಿನಲ್ಲೇ ಬರೆದಾಗಿತ್ತು. ಆದರೆ ಪದ ಅಷ್ಟು ಭಾರ ಹೊರುವುದಿಲ್ಲ. ಮೀಢಕ್ಕೆ ಕೊಳಕು ಎಂಬರ್ಥ ಇದೆ, ಹೂಳು ಎಂಬರ್ಥ ಇಲ್ಲ. ದನಕರು ಇಳಿದು ಗಲೀಜು ಮಾಡದ ಹಾಗೆ ಬೇಲಿ ಹಾಕಿದ್ದರೂ ಅದು ಮೀಢವಿಧಾನವೇ ಆಗುತ್ತದೆ. ಇದನ್ನು ಇಲ್ಲಿಗೇ ಬಿಡೋಣ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಈ ಆರಂಭದ ವರ್ಣನೆ ಕೆರೆ ಒಡೆಯುವ ಮುಂಚಿನದಲ್ಲ, ದುರಸ್ತಿ ಆದ ಮೇಲಿನದು. ಶಾಸನ ಕೆತ್ತುವ ಹೊತ್ತಿಗೆ ಕಣ್ಣೆದುರಿಗಿದ್ದ ಹೊಸ ಏರಿಯನ್ನು ನೋಡಿ ಬರೆದದ್ದು. "ಸಂದಿಲ್ಲ" ಎಂಬ ಪದ ಇಲ್ಲಿ ಬಂದದ್ದು ಯಾಕೆ ಎಂದು ಆಮೇಲೆ ನೋಡೋಣ.

ಒಡೆದದ್ದು ರುದ್ರದಾಮನ 72ನೇ ವರ್ಷ, ಮಾರ್ಗಶೀರ್ಷ ಬಹುಳ ಪಾಡ್ಯ. ಶಕವರ್ಷವೆಂದು ಹಿಡಿದರೆ ಕ್ರಿ.ಶ. 150-51, ನಮ್ಮ ಲೆಕ್ಕದಲ್ಲಿ ನವೆಂಬರ್-ಡಿಸೆಂಬರ್. ಸೌರಾಷ್ಟ್ರದಲ್ಲಿ ಮಳೆಗಾಲ ಜೂನ್‌ನಿಂದ ಸೆಪ್ಟೆಂಬರ್. ಅಂದರೆ ಮಳೆಗಾಲ ಮುಗಿದು, ಕೆರೆ ತುಂಬಿ ನಿಂತ ಮೇಲೆ ಅಕಾಲದಲ್ಲಿ ಬಂದ ಮಳೆ ಇದು. ಭೂಮಿಯೆಲ್ಲ ಒಂದೇ ಸಮುದ್ರವಾದ ಹಾಗೆ ಮಳೆ, ಯುಗಾಂತ್ಯದ ಹಾಗೆ ಗಾಳಿ ಎಂಬ ವರ್ಣನೆ ಓದಿದರೆ ಅರಬ್ಬೀ ಸಮುದ್ರದ ಚಂಡಮಾರುತ ನೆನಪಾಗುತ್ತದೆ. ಅದು ಬರುವ ಕಾಲವೂ ಇದೇ. ತುಂಬಿದ ಕೆರೆಗೆ ಹೊಸ ನೀರು ಹಿಡಿಯಲು ಜಾಗ ಇರುವುದಿಲ್ಲ. ಬಂದದ್ದೆಲ್ಲ ಕೋಡಿಯ ಮೇಲೇ ಹೋಗಬೇಕು. ತಕ್ಕ ಎಚ್ಚರಿಕೆ ತೆಗೆದುಕೊಂಡಿದ್ದರೂ ಹೊಳೆಗಳ ಪ್ರವಾಹ ಕೆರೆಯನ್ನು ನದಿಯ ತಳದವರೆಗೂ ಬಗೆದುಹಾಕಿತು ಎನ್ನುತ್ತದೆ ಶಾಸನ. 420 ಮೊಳ ಉದ್ದ, ಅಷ್ಟೇ ಅಗಲ, 75 ಮೊಳ ಆಳದ ಒಡಕು. ನೀರೆಲ್ಲ ಹೋಗಿ ಕೆರೆ ಮರುಭೂಮಿಯಂತಾಗಿ ಸುದರ್ಶನ "ದುರ್ದರ್ಶನ" ಆಯಿತು. (ದೂರದರ್ಶನ ನೋಡಿ ಬೆಳೆದ ನಮ್ಮ ಪೀಳಿಗೆಗೆ ಈ ಪದ ಓದಿ ನಗು ತಡೆಯೋದು ಕಷ್ಟ.)

ಇಲ್ಲಿಯವರೆಗೆ ಎಲ್ಲರೂ ಓದುತ್ತಾರೆ. ಇದರ ಮುಂದಿನ ವಾಕ್ಯದ ಮೇಲೆ ನಿಲ್ಲುವವರು ಕಡಿಮೆ. ಕೆರೆಯ ಹಳೆಯ ಕಥೆ ಅಲ್ಲಿ ಬರುತ್ತದೆ. ಚಂದ್ರಗುಪ್ತ ಮೌರ್ಯನ ರಾಷ್ಟ್ರೀಯನಾದ ವೈಶ್ಯ ಪುಷ್ಯಗುಪ್ತ ಇದನ್ನು ಕಟ್ಟಿಸಿದ. ಅಶೋಕನ ಪರವಾಗಿ ಯವನರಾಜ ತುಷಾಸ್ಫ ಪ್ರಣಾಳಿಗಳಿಂದ ಅಲಂಕರಿಸಿದ. ಆಮೇಲೆ ಒಂದು ಪುಟ್ಟ ಮಾತು: ಅವನು ಮಾಡಿಸಿದ, ರಾಜನಿಗೆ ತಕ್ಕಂತೆ ಕಟ್ಟಿದ, ಆ ಒಡಕಿನಲ್ಲಿ ಕಂಡ ಪ್ರಣಾಳಿ.

ಆ ಒಡಕಿನಲ್ಲಿ ಕಂಡ ಪ್ರಣಾಳಿ. ಮೌರ್ಯರ ಕಾಲದ ತೂಬು ಒಡೆದ ಜಾಗದಲ್ಲೇ ಕಂಡಿತು ಎಂದರೆ ಏರಿ ಒಡೆದದ್ದು ತೂಬು ಇದ್ದ ಜಾಗದಲ್ಲಿ.

ಮಣ್ಣಿನ ಏರಿಯ ಜೊತೆ ಕೆಲಸ ಮಾಡಿದವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಮಣ್ಣಿನ ಏರಿ ಮುಖ್ಯವಾಗಿ ಎರಡು ಥರ ಸಾಯುತ್ತದೆ. ಒಂದು, ಕೋಡಿ ಸಾಲದೆ ನೀರು ಏರಿಯ ತಲೆ ಮೇಲೆ ಹತ್ತಿ ಕೊಚ್ಚಿಹಾಕುವುದು. ಇದೇ ಸೌರಾಷ್ಟ್ರದಲ್ಲಿ 1979ರ ಆಗಸ್ಟ್ 11ರಂದು ಮಚ್ಛು-2 ಹೋದದ್ದು ಹೀಗೆ. ಇನ್ನೊಂದು, ಏರಿಯ ಒಳಗೇ ನೀರು ಸಂದು ಮಾಡಿಕೊಂಡು ಮಣ್ಣಿನ ಕಣಗಳನ್ನು ಒಂದೊಂದಾಗಿ ಹೊತ್ತೊಯ್ಯುತ್ತ ಕೊಳವೆ ಕೊರೆಯುವುದು. ನಮ್ಮ ಪುಸ್ತಕಗಳಲ್ಲಿ ಇದಕ್ಕೆ ಪೈಪಿಂಗ್ ಅಂತಾರೆ. ಇದು ಹೆಚ್ಚಾಗಿ ಶುರುವಾಗುವ ಜಾಗ ತೂಬಿನ ಪಕ್ಕ. ಕಲ್ಲಿನ ನಾಳದ ಮೈಗೆ ಮಣ್ಣು ಪೂರ್ತಿ ಅಂಟಿ ಕೂರುವುದಿಲ್ಲ, ಅಲ್ಲಿ ತುಳಿದು ಗಟ್ಟಿ ಮಾಡುವುದೂ ಕಷ್ಟ. ಮೊದಲು ನಾಳದ ಸುತ್ತ ಕಾಲರ್ ಹಾಕಿ ನೀರಿನ ದಾರಿ ಉದ್ದ ಮಾಡುತ್ತಿದ್ದರು. ಅದು ಸಾಲದು ಅಂತ ಈಗ ಮರಳಿನ ಫಿಲ್ಟರ್ ಹಾಕುತ್ತೇವೆ. 1961ರ ಜುಲೈ 12ರಂದು ಪುಣೆ ಬಳಿಯ ಪಾನ್‌ಶೆತ್ ಒಡೆದದ್ದರ ಹಿನ್ನೆಲೆಯಲ್ಲೂ ಇದ್ದದ್ದು ನಾಳದ ದೋಷವೇ. ಏರಿ ಕುಸಿದದ್ದು ಆ ನಾಳದ ನೆತ್ತಿಯ ಮೇಲೆ.

ನಮ್ಮೂರ ಕೆರೆಯ ನೀರಗಂಟಿ ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಏರಿಯ ಹಿಂಬದಿಗೆ ಇಳಿದು ತೂಬಿನ ಬಾಯಿ ಹತ್ತಿರ ಕುಕ್ಕರಗಾಲಲ್ಲಿ ಕೂರೋನು. ನಾನಾಗ ಮಿಡ್ಲ್ ಸ್ಕೂಲು. "ಏನ್ ನೋಡ್ತಿದ್ಯಣ್ಣ" ಅಂದ್ರೆ, "ಜಿನುಗೋ ನೀರು ತಿಳಿಯಾಗಿದ್ರೆ ಮನೆಗೋಗಿ ಮುದ್ದೆ ಉಣ್ಣು ಮಗಾ. ಕೆಂಪಗೆ ಬಂತೋ, ಊರಿಗೆ ಕೂಗಾಕು" ಅನ್ನೋನು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪೈಪಿಂಗ್ ಬಗ್ಗೆ ಒಂದು ಅಧ್ಯಾಯ ಓದಿದೆ. ಅವನು ಹೇಳಿದ್ದಕ್ಕಿಂತ ಹೆಚ್ಚು ಅದರಲ್ಲಿ ಇದ್ದದ್ದು ಸೂತ್ರಗಳು ಮಾತ್ರ.

ಸುದರ್ಶನದಲ್ಲಿ ಇನ್ನೂ ಒಂದು ಅಂಶ ಇದೆ. ಕೆರೆ ಕಟ್ಟಿದ್ದು ಚಂದ್ರಗುಪ್ತನ ಕಾಲ, ತೂಬು ಇಟ್ಟದ್ದು ಮೊಮ್ಮಗ ಅಶೋಕನ ಕಾಲ. ಎರಡಕ್ಕೂ ನಡುವೆ ಎರಡು ತಲೆಮಾರು. ಶಾಸನದ "ಅಲಂಕರಿಸಿದ" ಎಂಬ ಪದವನ್ನು ನಾವು ಅಲಂಕಾರವಾಗಿಯೇ ಓದಿಬಿಡುತ್ತೇವೆ. ಕೆಲಸದ ಭಾಷೆಯಲ್ಲಿ ಅದರ ಅರ್ಥ, ಕಟ್ಟಿ ಕೂತು ಗಟ್ಟಿಯಾದ ಹಳೇ ಏರಿಯನ್ನು ಸೀಳಿ, ನಾಳ ಇಟ್ಟು, ಮತ್ತೆ ಮಣ್ಣು ತುಂಬಿದರು ಅಂತ. ಹಳೇ ಮಣ್ಣಿಗೂ ಹೊಸ ಮಣ್ಣಿಗೂ ನಡುವೆ ಒಂದು ಸಂದು, ಮಣ್ಣಿಗೂ ಕಲ್ಲಿಗೂ ನಡುವೆ ಇನ್ನೊಂದು. ನೀರಾವರಿ ದೃಷ್ಟಿಯಿಂದ ಅದು ಒಳ್ಳೇ ಕೆಲಸವೇ. ತೂಬಿಲ್ಲದ ಕೆರೆ ಬರೀ ನೀರಿನ ರಾಶಿ. ತೂಬು ಬಂದ ಮೇಲೆಯೇ ಅಚ್ಚುಕಟ್ಟು, ಸರದಿ, ಹಂಚಿಕೆ ಎಲ್ಲ. ಅದೇ ತೂಬು ಏರಿಯ ಅತಿ ದುರ್ಬಲ ಜಾಗವೂ ಆಯಿತು.

ಈಗ "ನಿಸ್ಸಂಧಿ"ಗೆ ವಾಪಸ್ ಬರೋಣ. ದುರಸ್ತಿ ಮುಗಿಸಿದವರು ಹೊಸ ಏರಿಯನ್ನು ಹೊಗಳಲು ಶುರುವಿನಲ್ಲೇ ಹುಡುಕಿದ ಪದ "ಸಂದಿಲ್ಲದ್ದು". ಹೊಸ ಮನೆಯ ಮೇಸ್ತ್ರಿ "ಸೋರಲ್ಲ ಸಾರ್" ಅಂತ ಮೊದಲೇ ಹೇಳಿದರೆ ಹಳೇ ಮನೆ ಸೋರುತ್ತಿತ್ತು ಅಂತ ತಿಳಿಯಬೇಕು. ಇದು ಪುರಾವೆ ಅಲ್ಲ, ಒಪ್ಪುತ್ತೇನೆ. ಪ್ರಶಸ್ತಿಕಾರನಿಗೆ ಅದು ಬರೀ ಚೆಂದದ ಪದವೂ ಆಗಿರಬಹುದು.

ನನ್ನ ಓದಿಗೆ ಬರುವ ದೊಡ್ಡ ಆಕ್ಷೇಪ ಬೇರೆ ಇದೆ. ತೂಬು ಇಡುವುದು ತಳದಲ್ಲಿ, ಏರಿ ಅತಿ ಎತ್ತರವಾಗಿರುವ ಹಳ್ಳದ ಪಾತ್ರದ ಹತ್ತಿರ. ನೀರು ಏರಿಯ ತಲೆ ಮೇಲೆ ಹತ್ತಿ ಒಡೆದರೂ ಒಡಕು ಕೊನೆಗೆ ಇಳಿಯುವುದು ಆ ಪಾತ್ರಕ್ಕೇ. ಹಾಗಾಗಿ ತೂಬು ಒಡಕಿನಲ್ಲಿ ಕಂಡದ್ದು ಒಡೆದದ್ದರ ಪರಿಣಾಮ, ಕಾರಣವಲ್ಲ ಎನ್ನಬಹುದು. ಇದು ಗಟ್ಟಿ ಆಕ್ಷೇಪ, ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ. ನನ್ನ ಉತ್ತರ ಇಷ್ಟೇ: ಗಾಳಿ-ಮಳೆ ಕಾರಣ ಅಲ್ಲ ಅಂತ ನಾನು ಹೇಳುತ್ತಿಲ್ಲ. ಕೆರೆ ಉಕ್ಕಿ ಒತ್ತಡ ಹೆಚ್ಚಿದ ರಾತ್ರಿಯೇ ತೂಬಿನ ಪಕ್ಕದ ಹಳೇ ಜಿನುಗು ಕೊಳವೆಯಾಗುವುದು. ಆದರೆ ಸುಮಾರು ನಾನೂರೈವತ್ತು ವರ್ಷ ನಿಂತ ಏರಿ ಅಷ್ಟರಲ್ಲಿ ಎಷ್ಟು ಚಂಡಮಾರುತ ನೋಡಿರಬೇಡ? ಬಿರುಗಾಳಿಯೊಂದನ್ನೇ ಕಾರಣ ಮಾಡಿ ಸುಮ್ಮನಾದರೆ ಶಾಸನವೇ ಕೊಟ್ಟ ಸುಳಿವನ್ನು ಬಿಟ್ಟ ಹಾಗಾಗುತ್ತದೆ.

ಈಗ ಅಳತೆಗಳು. 420 ಮೊಳ ಉದ್ದ, ಅಷ್ಟೇ ಅಗಲ ಎಂಬುದನ್ನು ಬಹಳ ಜನ ಉತ್ಪ್ರೇಕ್ಷೆ ಅಂತ ಪಕ್ಕಕ್ಕೆ ಸರಿಸುತ್ತಾರೆ. ಎರಡೂ ಒಂದೇ ಸಂಖ್ಯೆ ಆಗಿರುವುದು ನನಗೂ ಅನುಮಾನ ತಂದಿತ್ತು. ಆದರೂ ಲೆಕ್ಕ ಹಾಕಿ ನೋಡೋಣ. ಮೊಳಕ್ಕೆ 45 ಸೆಂಟಿಮೀಟರ್ ಹಿಡಿದರೆ 420 ಮೊಳ ಎಂದರೆ 189 ಮೀಟರ್, 75 ಮೊಳ ಎಂದರೆ ಸುಮಾರು 34 ಮೀಟರ್. ಉದ್ದವನ್ನು ಏರಿಯ ಉದ್ದಕ್ಕೆ, ಅಗಲವನ್ನು ಏರಿಯ ತಳದ ದಪ್ಪಕ್ಕೆ ಹಿಡಿಯಿರಿ. 34 ಮೀಟರ್ ಎತ್ತರಕ್ಕೆ 189 ಮೀಟರ್ ತಳ. ತುದಿಯ ಅಗಲ ಬಿಟ್ಟು ನೋಡಿದರೆ ಎರಡೂ ಕಡೆ ಇಳಿಜಾರು ಒಂದಕ್ಕೆ ಸುಮಾರು ಎರಡೂ ಮುಕ್ಕಾಲು. ಇವತ್ತು ನಾನು ಅಷ್ಟೆತ್ತರದ ಮಣ್ಣಿನ ಡ್ಯಾಂಗೆ ನಕ್ಷೆ ಮಾಡಿದರೂ ಒಂದಕ್ಕೆ ಎರಡೂವರೆಯಿಂದ ಮೂರರ ಆಸುಪಾಸಿನಲ್ಲೇ ಶುರು ಮಾಡುತ್ತೇನೆ. ಮನಸ್ಸಿಗೆ ಬಂದ ಸಂಖ್ಯೆ ಹೀಗೆ ಕೂರುವುದು ಅಪರೂಪ. ಯಾರೋ ಹಗ್ಗ ಹಿಡಿದು ಅಳೆದಿದ್ದಾರೆ ಅನ್ನಿಸುತ್ತದೆ.

ಇದೇ ಲೆಕ್ಕದಿಂದ ಸಚಿವರ ಪರವಾಗಿಯೂ ಒಂದು ಮಾತು ಹೇಳಬೇಕು. ಎಲ್ಲ ಸಚಿವಗುಣ ಇದ್ದರೂ ಮತಿಸಚಿವರು, ಕರ್ಮಸಚಿವರು ಒಡಕಿನ ದೊಡ್ಡತನ ನೋಡಿ ಉತ್ಸಾಹ ಕಳೆದುಕೊಂಡು ಕೆಲಸ ಬೇಡವೆಂದರು, ಏರಿ ಮತ್ತೆ ಕಟ್ಟುವ ಆಸೆ ಬತ್ತಿ ಜನ ಹಾಹಾಕಾರ ಮಾಡಿದರು ಎನ್ನುತ್ತದೆ ಶಾಸನ. ನಮ್ಮ ಲೇಖನಗಳಲ್ಲಿ ಈ ಸಚಿವರು ಯಾವಾಗಲೂ ಹೇಡಿಗಳು. ರಾಜನ ದೊಡ್ಡತನ ತೋರಿಸಲು ಇಟ್ಟ ಗೊಂಬೆಗಳು. ಆದರೆ ತುಂಬಬೇಕಾದ ಮಣ್ಣೆಷ್ಟು? ಮೇಲಿನ ಅಳತೆಯಲ್ಲಿ ಆರು ಲಕ್ಷ ಘನ ಮೀಟರ್. ಒಡಕು ತಳದಲ್ಲಿ ಕಿರಿದಾಗಿತ್ತು ಅಂತ ಅರ್ಧ ಬಿಟ್ಟರೂ ಮೂರು ಲಕ್ಷ. ಒಬ್ಬ ಆಳು ಅಗೆದು, ಹೊತ್ತು, ಸುರಿದು, ತುಳಿಯುವುದು ದಿನಕ್ಕೆ ಅರ್ಧ ಘನ ಮೀಟರ್ ಎಂದರೆ ಸಾವಿರ ಆಳಿಗೆ ಆರುನೂರು ದಿನದ ಕೆಲಸ. ಮಳೆಗಾಲದಲ್ಲಿ ಏರಿ ಕಟ್ಟಲಾಗದು. ಒಂದು ಬೇಸಿಗೆಯಲ್ಲಿ ಅರ್ಧ ಕಟ್ಟಿ ನಿಲ್ಲಿಸಿದರೆ ಮುಂದಿನ ಮಳೆಗೆ ಅದೂ ಹೋಗುತ್ತದೆ. ಅದರ ಜೊತೆ ಒಡಕಿನ ನಡುವೆ ಬಾಯಿ ತೆರೆದು ನಿಂತ ಹಳೇ ತೂಬು. ಆ ಸಭೆಯಲ್ಲಿ ನಾನಿದ್ದಿದ್ದರೂ ಬೇಡ ಅಂತಲೇ ಫೈಲಿನಲ್ಲಿ ಬರೆಯುತ್ತಿದ್ದೆ. ಕರ್ಮಸಚಿವರು ಲೆಕ್ಕ ಗೊತ್ತಿದ್ದವರು.

ಕೆಲಸ ಮಾಡಿಸಿದ್ದು ಆನರ್ತ-ಸುರಾಷ್ಟ್ರಗಳ ಅಧಿಕಾರಿ, ಕುಲೈಪನ ಮಗ ಪಹ್ಲವ ಸುವಿಶಾಖ. ಕಂದಾಯ, ಬಿಟ್ಟಿ, ಕಾಣಿಕೆ ಯಾವುದರಿಂದಲೂ ಜನರನ್ನು ಪೀಡಿಸದೆ ರಾಜನ ಬೊಕ್ಕಸದಿಂದ, ಅತಿ ದೀರ್ಘವಲ್ಲದ ಕಾಲದಲ್ಲಿ, ಅಗಲ-ಉದ್ದ ಮೂರು ಪಟ್ಟು ಮಾಡಿ ಕಟ್ಟಿಸಿದ. ಬಿಟ್ಟಿ ಇಲ್ಲದೆ ಅಂತ ಹೇಳಿಕೊಳ್ಳಬೇಕಾಗಿ ಬಂದದ್ದೇ ಬಿಟ್ಟಿ ಎಷ್ಟು ಸಾಮಾನ್ಯವಾಗಿತ್ತು ಎಂಬುದಕ್ಕೆ ಸಾಕ್ಷಿ. "ಮೂರು ಪಟ್ಟು"ವನ್ನು ನಾನು ಅಕ್ಷರಶಃ ತೆಗೆದುಕೊಳ್ಳುವುದಿಲ್ಲ. 420 ಬರೆದವನು ಇಲ್ಲೂ ಅಳೆದಿದ್ದರೆ ಮೊಳ ಹೇಳುತ್ತಿದ್ದ.

ಆ ಏರಿ 305 ವರ್ಷ ನಿಂತಿತು. ಗುಪ್ತ ವರ್ಷ 136, ಅಂದರೆ ಕ್ರಿ.ಶ. 455-56ರ ಭಾದ್ರಪದದ ಒಂದು ಷಷ್ಠಿಯ ರಾತ್ರಿ ಮತ್ತೆ ಒಡೆಯಿತು. ಈ ಸಲ ಬಿರುಗಾಳಿಯ ಮಾತಿಲ್ಲ, ಬಿಡದೆ ಸುರಿದ ಮಳೆ ಅಷ್ಟೇ. ಏನು ಮಾಡೋಣ, ಹೇಗೆ ಮಾಡೋಣ ಎಂದು ಜನ ರಾತ್ರಿಯೆಲ್ಲ ಎದ್ದು ಕೂತು ಮಾತಾಡಿಕೊಂಡರು ಎಂದು ಸ್ಕಂದಗುಪ್ತನ ಕಾಲದ ಕವಿ ಬರೆಯುತ್ತಾನೆ. ಇಡೀ ಬಂಡೆಯಲ್ಲಿ ಕೆರೆಯ ಕೆಳಗೆ ಬದುಕುವವರ ದನಿ ಕೇಳುವುದು ಇಲ್ಲಿ. ಅಧಿಕಾರಿ ಪರ್ಣದತ್ತನ ಮಗ ಚಕ್ರಪಾಲಿತ ಮುಂದಿನ ಬೇಸಿಗೆಯಲ್ಲಿ ಎರಡೇ ತಿಂಗಳಲ್ಲಿ ಕಟ್ಟಿಸಿದ: 100 ಮೊಳ ಉದ್ದ, 68 ಮೊಳ ಅಗಲ, ಏಳು ಆಳುದ್ದ ಎತ್ತರ. ಆಳಿಗೆ ನಾಲ್ಕು ಮೊಳ ಹಿಡಿದರೆ 45 ಮೀಟರ್, 31 ಮೀಟರ್, 12.6 ಮೀಟರ್. ಹತ್ತು ಸಾವಿರ ಘನ ಮೀಟರಿನ ಒಳಗಿನ ಕೆಲಸ. ಅದೇ ಅರ್ಧ ಘನ ಮೀಟರಿನ ಲೆಕ್ಕದಲ್ಲಿ ಮುನ್ನೂರು ಚಿಲ್ಲರೆ ಆಳು ಎರಡು ತಿಂಗಳಲ್ಲಿ ಮುಗಿಸಬಹುದು. ಶಾಸನದ ಕಾಲಾವಧಿ ನಂಬಬಹುದಾದದ್ದೇ. ಇಳಿಜಾರು ಮಾತ್ರ ಒಂದಕ್ಕೆ ಒಂದೂಕಾಲೂ ಆಗುವುದಿಲ್ಲ. ಮಣ್ಣಾದರೆ ಜಾರುತ್ತದೆ. ಚೆನ್ನಾಗಿ ಜೋಡಿಸಿದ ಕಲ್ಲಿನಿಂದ ಕಟ್ಟಿದರು ಎಂದು ಶಾಸನವೇ ಹೇಳುವುದರಿಂದ ಸರಿಹೋಗುತ್ತದೆ. ಆಳದಲ್ಲೂ ಪ್ರಮಾಣದಲ್ಲೂ ಇಷ್ಟು ವ್ಯತ್ಯಾಸ ಇರುವಾಗ ಇದು ರುದ್ರದಾಮನ ಕಾಲದ ಒಡಕಿನ ಜಾಗವಲ್ಲ, ಏರಿಯ ಬೇರೆ, ತಗ್ಗಾದ ಭಾಗ ಅಂತ ನನ್ನ ಅಂದಾಜು. "ಅದೇ ಅಣೆಕಟ್ಟು ಮತ್ತೆ ಒಡೆಯಿತು" ಎಂದು ಒಂದೇ ಉಸಿರಿಗೆ ಬರೆಯುವವರು ಈ ಎರಡು ಅಳತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿಲ್ಲ.

ಎರಡೂ ಶಾಸನಗಳಲ್ಲಿ ನನಗೆ ಸಿಗದ ಒಂದು ವಿಷಯ ಇದೆ. ಒಡೆದ ಮೇಲೆ ಕಟ್ಟಿದ್ದರ ವಿವರ ಇಷ್ಟು ಚೆನ್ನಾಗಿದೆ. ಒಡೆಯದಂತೆ ವರ್ಷವರ್ಷ ನೋಡಿಕೊಳ್ಳುವವರು ಯಾರು, ಅವರಿಗೆ ಕೂಲಿ ಎಲ್ಲಿಂದ ಎಂಬ ಮಾತಿಲ್ಲ. ನಮ್ಮ ಕನ್ನಡ ಶಾಸನಗಳು ಇಲ್ಲಿ ತಿರುಗುಮುರುಗು. ಏರಿ ಎಲ್ಲಿ, ಹೇಗೆ ಒಡೆಯಿತು ಎಂಬುದು ಹೆಚ್ಚಾಗಿ ಒಂದು ಪದದಲ್ಲಿ ಮುಗಿದುಹೋಗುತ್ತದೆ. ಆದರೆ ಬಿತ್ತುವಟ್ಟ, ದಶವಂದ, ಕಟ್ಟುಕೊಡಗೆ ಅಂತ ಕೆರೆಯ ಕೆಲಸಕ್ಕೆ ಬಿಟ್ಟ ಜಮೀನು, ಅದರ ಎಲ್ಲೆ, ತಪ್ಪಿದವರಿಗೆ ಶಾಪ ಎಲ್ಲ ಇರುತ್ತದೆ. ಜುನಾಗಢದ ಪ್ರಶಸ್ತಿಯನ್ನು ಹಂಚಿಕೊಳ್ಳುವ ಉತ್ಸಾಹದಲ್ಲಿ ಅರ್ಧದಷ್ಟನ್ನಾದರೂ ಈ ಬಡಪಾಯಿ ಕೆರೆಗಲ್ಲುಗಳಿಗೆ ತೋರಿಸಿದರೆ ಹಳ್ಳದ ದಂಡೆಯಲ್ಲಿ ಬಟ್ಟೆ ಒಗೆಯುವ ಕಲ್ಲಾಗಿರುವ ಕೆಲವಾದರೂ ಉಳಿದಾವು.

ಕೊನೆಗೆ ಆ ಪ್ರಣಾಳಿಯ ವಾಕ್ಯಕ್ಕೇ ಬರುತ್ತೇನೆ. ತೂಬು ಒಡಕಿನಲ್ಲಿ ಕಂಡಿತು ಎಂದ ಮೇಲೆ ಪಾಠದಲ್ಲಿ "ವಿಸ್ತೃತ ಸೇತು" ಎಂಬ ಪದ ಬರುತ್ತದೆ, ಅದಾದ ಕೂಡಲೇ ಬಂಡೆ ಸವೆದು ಅಕ್ಷರ ಹೋಗಿದೆ. ಕೀಲ್‌ಹಾರ್ನ್ ಅಲ್ಲಿ ಚುಕ್ಕೆಗಳನ್ನಿಟ್ಟು ಮುಂದೆ ಹೋಗಿದ್ದಾನೆ. ಮುಂದೆ ಓದು ಸಿಗುವ ಹೊತ್ತಿಗೆ ರಾಜ ಹುಟ್ಟಿ, ರಾಜಲಕ್ಷ್ಮಿ ಅವನ ಕೈ ಹಿಡಿದು, ಹೊಗಳಿಕೆ ಶುರುವಾಗಿರುತ್ತದೆ.